ಕಾಲರ್ ಅಕ್ಕನ ಸ್ಕ್ರೂಡ್ರೈವರ್

ಇಪ್ಪತ್ತೆರಡು ವರ್ಷ ಶರ್ಟುಗಳಿಗೆ ಕಾಲರ್ ಹೊಲಿದು ಹೊಲಿದು ಕಾರ್ಖಾನೆಯಲ್ಲಿ ಅವಳು ಎಲ್ಲರಿಗೂ ಕಾಲರ್ ಅಕ್ಕ. ಯಾರನ್ನೂ ಸುಲಭಕ್ಕೆ ನಂಬುವ ಪೈಕಿಯಲ್ಲ. ಗಂಡ ಸುಮ್ಮನೆ ನಕ್ಕರೂ "ಏನು ಸಮಾಚಾರ?" ಎನ್ನುವಳು. ಹಾಗೆಂದು ಅವಳನ್ನು ದೂರುವಂತೆಯೂ ಇಲ್ಲ, ಅವಳು ಕಂಡಿದ್ದೇ ಹಾಗೆ.

ಶರ್ಟು ಕೊಳ್ಳುವ ಪರದೇಶದ ಕಂಪನಿಯವರು ತಪಾಸಣೆಗೆ ಬರುವ ದಿನ ಕಾರ್ಖಾನೆಗೆ ಎಲ್ಲಿಲ್ಲದ ಕಳೆ. ಬೀಗ ಬಿದ್ದಿದ್ದ ಹಿಂಬಾಗಿಲು ತೆರೆಯುತ್ತಿತ್ತು. ಶೌಚಾಲಯಕ್ಕೆ ಸೋಪು ಬರುತ್ತಿತ್ತು. ಪ್ರತಿ ಮೆಷಿನ್ನಿನ ಸೂಜಿಯ ಮುಂದೆ ಬೆರಳು ಕಾಯುವ ತಂತಿಯ ಗಾರ್ಡು ಕೂರುತ್ತಿತ್ತು. ಅವರ ಕಾರು ಗೇಟು ದಾಟಿದ್ದೇ ತಡ, ಎಲ್ಲ ಮಾಯ. ಗಾರ್ಡು ಇದ್ದರೆ ಕಾಲರಿನ ತುದಿ ಸರಿಯಾಗಿ ಕಾಣದು, ಕೈ ನಿಧಾನವಾಗುತ್ತದೆ. ಗಂಟೆಗೆ ಅರವತ್ತು ಆಗದಿದ್ದರೆ ಸೂಪರ್‌ವೈಸರ್ ಎಗರಾಡುತ್ತಿದ್ದ. ಹಾಗಾಗಿ ಯಾರೂ ಹೇಳುವ ಮೊದಲೇ ಅಕ್ಕ ಡಬ್ಬಿಯಿಂದ ತನ್ನ ಸ್ಕ್ರೂಡ್ರೈವರ್ ತೆಗೆದು ಇಡೀ ಸಾಲಿನ ಗಾರ್ಡುಗಳನ್ನು ಬಿಚ್ಚಿಬಿಡುತ್ತಿದ್ದಳು.

ಈ ಸಲ ಪಕ್ಕದ ಮೆಷಿನ್ನಿನಲ್ಲಿ ಕೂತಿದ್ದವಳು ಅವಳ ಮಗಳು. ಸೇರಿ ಒಂಬತ್ತು ದಿನವಾಗಿತ್ತು. ತಿಂಗಳೊಳಗೆ ಕೈ ಚುರುಕಾಗದಿದ್ದರೆ ಮನೆಗೆ ಕಳಿಸುತ್ತಾರೆಂಬ ಭಯ ಮಗಳಿಗಿಂತ ತಾಯಿಗೇ ಹೆಚ್ಚು.

"ಈ ಸಲ ಗಾರ್ಡು ತೆಗೆಯೋ ಹಾಗಿಲ್ಲ ಅಕ್ಕಾ," ಎಂದ ಸೂಪರ್‌ವೈಸರ್. "ಕಂಪನಿಯವರು ಗಡುವು ಮುಂದಕ್ಕೆ ಹಾಕಿದ್ದಾರೆ. ಗಂಟೆಗೆ ನಲವತ್ತು ಹೊಲಿದ್ರೆ ಸಾಕು. ಬೋರ್ಡಲ್ಲೂ ಬರೆದಿದೆ, ನೋಡಿ."

"ಯಾರ ಕಿವಿ ಮೇಲೆ ಹೂವಿಡ್ತೀಯಪ್ಪಾ? ಬರೆದಿದ್ದನ್ನ ಅಳಿಸೋಕೆ ಎಷ್ಟು ಹೊತ್ತು ಬೇಕು?"

ಕಾರು ಗೇಟು ದಾಟಿತು. ಅಕ್ಕ ಸ್ಕ್ರೂಡ್ರೈವರ್ ಹಿಡಿದು ಎದ್ದಳು. ಸಾಲಿನವರೆಲ್ಲ "ನಮ್ಮದು ಇರಲಿ" ಎಂದರು.

"ಅಮ್ಮಾ, ನಂದೂ ಇರಲಿ ಬಿಡಮ್ಮಾ," ಎಂದಳು ಮಗಳು.

"ನೀನು ಸುಮ್ಮನಿರು. ನಾಳೆ ಅರವತ್ತು ಕೇಳಿದಾಗ ಕಣ್ಣು ಕಣ್ಣು ಬಿಡ್ತೀಯ," ಎಂದು ಬಿಚ್ಚಿಯೇಬಿಟ್ಟಳು.

ಮರುದಿನ ಬೋರ್ಡು ನೋಡಿದಳು, ನಲವತ್ತು. ಇವತ್ತಲ್ಲ, ನಾಳೆ ಅಳಿಸುತ್ತಾರೆ ಎಂದುಕೊಂಡಳು. ಮೂರನೆಯ ದಿನವೂ ನಲವತ್ತೇ. ಗಾರ್ಡು ಹಾಕೋಣವೇ ಎಂದು ಒಮ್ಮೆ ಅನ್ನಿಸಿತು, ಆದರೂ ಯಾಕೋ ಮನಸ್ಸು ಒಪ್ಪಲಿಲ್ಲ. ಅಂದು ಮಧ್ಯಾಹ್ನ ಸೂಜಿ ಮಗಳ ತೋರುಬೆರಳಿನ ಉಗುರನ್ನೇ ತೂರಿ ಒಳಗೆ ಮುರಿಯಿತು.

ಮಗಳ ಕೈಯನ್ನು ಸೆರಗಿನಲ್ಲಿ ಸುತ್ತಿ ಅಕ್ಕ ಮುಂಬಾಗಿಲ ಕಡೆಗೆ ಓಡಿದಳು. ಅಷ್ಟುದ್ದದ ಹಾಲ್, ದಾರಿ ತುಂಬ ಬಟ್ಟೆಯ ಮೂಟೆಗಳು.

"ಆ ಕಡೆ ಯಾಕೆ ಅಕ್ಕಾ? ಹಿಂದುಗಡೆ ಹೋಗಿ, ಆಸ್ಪತ್ರೆ ಅಲ್ಲೇ!" ಸೂಪರ್‌ವೈಸರ್ ಕೂಗಿದ. "ಬೀಗ ಇಲ್ಲ!"

ಅವಳು ತಿರುಗಿ ನೋಡಿದಳು. ಹಿಂಬಾಗಿಲು ನಿಜಕ್ಕೂ ತೆರೆದಿತ್ತು. ಅಲ್ಲಿಯವರೆಗೆ ಗಟ್ಟಿಯಾಗಿದ್ದ ಕಾಲರ್ ಅಕ್ಕ ಅದನ್ನು ಕಂಡದ್ದೇ ಬಿಕ್ಕಿ ಬಿಕ್ಕಿ ಅತ್ತಳು.