ಕರುಗಳ ಎದೆ ಅಳೆಯುವ ಟೇಲರಕ್ಕ

ಅಂತ್ಯಕ್ರಿಯೆ ಮುಗಿದು, ಬಂದವರೆಲ್ಲ ಹೊರಟುಹೋದ ಮೇಲಿನ ಮೊದಲ ಮಾಮೂಲಿ ಬೆಳಿಗ್ಗೆ. ಹಾಲಿನವನು ಎಂದಿನಂತೆ ಎರಡು ಪೊಟ್ಟಣ ಇಟ್ಟುಹೋಗಿದ್ದಾನೆ. ಇನ್ನು ಒಂದು ಸಾಕೆಂದು ಅವನಿಗೆ ಹೇಳಬೇಕು ಎಂದುಕೊಳ್ಳುವಾಗ ನನ್ನ ಗಂಡನ ಫೋನು ಬಡಿದುಕೊಳ್ಳುತ್ತದೆ.

"ಸಾರ್ ಇದ್ದಾರಾ? ಟೇಲರಕ್ಕ ಅಂತ ಹೇಳಿ. ನನ್ನ ಅಳತೆ ಟೇಪು ಬೇಕಿತ್ತು."

ಅವರು ಇಲ್ಲ ಎನ್ನುತ್ತೇನೆ.

"ಎಷ್ಟೊತ್ತಿಗೆ ಬರ್ತಾರೆ?"

ಹೇಳಬೇಕಾದ್ದನ್ನು ಹೇಳುತ್ತೇನೆ. ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಲ್ಲುತ್ತದೆ. "ಅಯ್ಯೋ ದೇವರೇ" ಎಂದು ಫೋನು ಇಡುತ್ತಾರೆ. ಹಾಲು ಉಕ್ಕುವಷ್ಟರಲ್ಲಿ ಮತ್ತೆ ಅದೇ ನಂಬರು.

"ತಪ್ಪು ತಿಳ್ಕೋಬೇಡಿ ಅಮ್ಮ. ಇಂಥ ಹೊತ್ತಲ್ಲಿ ಕೇಳಬಾರದು, ಗೊತ್ತು. ಆದ್ರೆ ಆ ಟೇಪು ಸಿಗದಿದ್ರೆ ನಮ್ಮ ಮಕ್ಕಳ ಕರುಗಳನ್ನೆಲ್ಲ ವಾಪಸ್ ಹೊಡ್ಕೊಂಡು ಹೋಗ್ತಾರೆ."

ಸಮಾಧಾನದ ಮಾತು ಕೇಳಿ ಕೇಳಿ ಕಿವಿ ದಣಿದಿದ್ದ ಆ ದಿನಗಳಲ್ಲಿ ನನಗೆ ಅರ್ಥವಾದ ಮೊದಲ ಮಾತು ಇದು.

ನನ್ನ ಗಂಡ ವಿಶ್ವವಿದ್ಯಾಲಯದಲ್ಲಿ ಸಂಶೋಧಕರಾಗಿದ್ದರು. ಮಕ್ಕಳಿಗೆ ಬೇಸಾಯ, ಪಶುಪಾಲನೆ ಕಲಿಸುವ ಯುವ ಬಳಗಗಳು ಹೇಗೆ ನಡೆಯುತ್ತವೆ, ಅಲ್ಲಿ ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರು ಯಾಕೆ ಬರುತ್ತಾರೆ, ಯಾಕೆ ಬಿಟ್ಟು ಹೋಗುತ್ತಾರೆ ಎಂಬುದು ಅವರ ವಿಷಯ. ಟೇಲರಕ್ಕನ ಬಳಗ ಅವರು ನೋಡಿದ್ದರಲ್ಲಿ ಒಂದು. ಮೇಜು, ಚೀಲ, ಕಪಾಟು ಹುಡುಕುತ್ತೇನೆ. ಟೇಪು ಇಲ್ಲ. ಇಲ್ಲವೆಂದು ಫೋನಿನಲ್ಲಿ ಹೇಳಲು ಮನಸ್ಸಾಗದೆ ಮರುದಿನ ಮೊದಲ ಬಸ್ಸು ಹತ್ತುತ್ತೇನೆ.

ಹಳೆಯ ಗೋದಾಮಿನ ಹಿಂದೆ ತಗಡಿನ ಕೊಟ್ಟಿಗೆ. ಇನ್ನೂ ಸರಿಯಾಗಿ ಬೆಳಕಾಗಿಲ್ಲ. ಐವತ್ತು ದಾಟಿದ ಹೆಂಗಸೊಬ್ಬರು, ಅವರೇ ಟೇಲರಕ್ಕ, ಮಂಡಿಯೂರಿ ಒಂದು ಕರುವಿನ ಬಾಯಿಂದ ಹಗ್ಗ ಕಿತ್ತುಕೊಳ್ಳುತ್ತಿದ್ದಾರೆ. ಕರುವಿನ ಒಡತಿ, ಎರಡು ಜಡೆಯ ಹುಡುಗಿ, ಪಕ್ಕದಲ್ಲಿ ನಿಂತು ಆಕಳಿಸುತ್ತಿದ್ದಾಳೆ.

"ಆಕಳಿಸು, ಚೆನ್ನಾಗಿ ಆಕಳಿಸು. ಕರು ನಿನ್ನದೋ ನನ್ನದೋ?"

"ನಂದೇ ಅತ್ತೆ."

"ಹಾಗಾದ್ರೆ ಸಗಣಿ ಯಾರದು?"

ಹುಡುಗಿ ಬುಟ್ಟಿ ಎತ್ತಿಕೊಳ್ಳುತ್ತಾಳೆ. ಇದು ಇಲ್ಲಿನ ದಿನಚರಿ. ಬಳಗದ ಪ್ರತಿ ಮಗುವಿಗೂ ಒಂದು ಕರು. ಮಗು ಅದನ್ನು ವರ್ಷವಿಡೀ ಸಾಕಬೇಕು. ತಿಂಗಳಿಗೊಮ್ಮೆ ಕರುವಿನ ಎದೆಯ ಸುತ್ತಳತೆ ತೆಗೆದು ಕರು ಕೊಡುವ ಕಾರ್ಯಕ್ರಮದ ಕಚೇರಿಗೆ ಕಳಿಸಬೇಕು, ಏಕೆಂದರೆ ಎದೆಯಳತೆಯಿಂದಲೇ ತೂಕದ ಅಂದಾಜು. ವರ್ಷ ಸರಿಯಾಗಿ ಮುಗಿಸಿದರೆ ಕರು ಮಗುವಿನದೇ. ಇಲ್ಲದಿದ್ದರೆ ವಾಪಸು.

ಟೇಲರಕ್ಕ ಇಲ್ಲಿಗೆ ಬಂದದ್ದು ಮಗನನ್ನು ಸೇರಿಸಲು. ಆಗ ಬಳಗ ನಡೆಸುತ್ತಿದ್ದ ಮೇಷ್ಟರಿಗೆ ವರ್ಗವಾಯಿತು. ಒಂದು ವಾರ ನೋಡಿಕೊಳ್ಳಿ ಎಂದು ಕೊಟ್ಟಿಗೆಯ ಬೀಗದ ಕೈ ಕೊಟ್ಟುಹೋದರು. "ಆ ವಾರ ಇನ್ನೂ ಮುಗಿದಿಲ್ಲ" ಎನ್ನುತ್ತಾರೆ ಟೇಲರಕ್ಕ. ಮಗ ಈಗ ಲಾರಿ ಓಡಿಸುತ್ತಾನೆ, ಮನೆಯಲ್ಲಿ ಹಾಲು ಕಂಡರೆ ಮುಖ ತಿರುಗಿಸುತ್ತಾನೆ. ಬೀಗದ ಕೈ ಮಾತ್ರ ತಾಯಿಯ ಸೊಂಟದಲ್ಲೇ ಇದೆ.

ಬೆಳಿಗ್ಗೆ ಕೊಟ್ಟಿಗೆ, ಆಮೇಲೆ ಹೊಲಿಗೆ ಅಂಗಡಿ, ಶಾಲೆ ಬಿಟ್ಟ ಮೇಲೆ ಮತ್ತೆ ಕೊಟ್ಟಿಗೆ. ನಡುವೆ ಪಶುವೈದ್ಯರಿಗೆ ದುಂಬಾಲು ಬೀಳುವುದು, ಯಾರ ಕರು ಯಾರ ಮೇವು ತಿಂದಿತು ಎಂಬ ವ್ಯಾಜ್ಯ, ಪರೀಕ್ಷೆ ಬಂತೆಂದು ಮಗುವನ್ನು ಮನೆಯಲ್ಲಿ ಕೂಡಿಹಾಕುವ ಅಪ್ಪಂದಿರು. "ಪರೀಕ್ಷೆ ಮಗುವಿಗೆ. ಕರುವಿನ ಹೊಟ್ಟೆಗೂ ರಜಾ ಕೊಡೋಕಾಗುತ್ತಾ? ಹೇಳಿದ್ರೆ, ನೀವಿದ್ದೀರಲ್ಲ ಅಕ್ಕ ಅಂತಾರೆ. ಇದ್ದೀನಪ್ಪ. ಇರೋದೇ ತಪ್ಪಾಗಿದೆ." ಅವರ ಗಂಡನದು ಇನ್ನೊಂದು ರಾಗ. "ಸಂಬಳ ಇಲ್ಲದ ಕೆಲಸಕ್ಕೆ ರಜಾನೂ ಇಲ್ಲ" ಎಂದು ಅವರು ಬುತ್ತಿ ತಂದಿಟ್ಟು ಹೋಗುತ್ತಾರೆ. ಆದರೆ ಬುತ್ತಿ ತರುವುದನ್ನು ತಪ್ಪಿಸಿಲ್ಲ.

ಸಂಶೋಧಕರ ಮಾತೆತ್ತಿದರೆ ಟೇಲರಕ್ಕನ ಸಹನೆ ಪೂರ್ತಿ ಮುಗಿಯುತ್ತದೆ.

"ಒಬ್ಬರಾದ ಮೇಲೆ ಒಬ್ಬರು ಬರ್ತಾರೆ. ಎಲ್ರದ್ದೂ ಒಂದೇ ಪ್ರಶ್ನೆ. ನಿಮಗೆ ಪ್ರೇರಣೆ ಏನು? ಆ ನಲ್ಲಿ ನೋಡಿ. ಮೊದಲನೆಯವರು ಬಂದಾಗ ಸೋರ್ತಿತ್ತು, ಈಗ್ಲೂ ಸೋರ್ತಿದೆ. ರಾತ್ರಿಯೆಲ್ಲ ಸೋರಿ ಕರುಗಳು ಕೆಸರಲ್ಲೇ ಮಲಗ್ತವೆ, ಗೊರಸು ಕೊಳೀತದೆ. ಅದರ ಬಗ್ಗೆ ಒಬ್ರೂ ಕೇಳಲ್ಲ. ಪ್ರೇರಣೆಯಂತೆ."

"ನಮ್ಮವರೂ ಅದನ್ನೇ ಕೇಳಿದ್ರಾ?"

"ಕೇಳಿದ್ರು, ಬಿಟ್ಟಾರಾ? ಆಮೇಲೆ ಕೋಟು ಬಿಚ್ಚಿಟ್ಟು, ನನ್ನ ಡಬ್ಬಿಯಿಂದಲೇ ದಾರ ತಗೊಂಡು ನಲ್ಲಿಗೆ ಸುತ್ತಿದ್ರು. ಎರಡು ದಿನ ನಿಂತಿತ್ತು."

ನಲ್ಲಿಯ ಕತ್ತಿಗೆ ನೀಲಿ ದಾರ ಇನ್ನೂ ಇದೆ. ಅದರ ಮೇಲಿಂದಲೇ ನೀರು ತೊಟ್ಟಿಕ್ಕುತ್ತಿದೆ.

"ಏನಾಗಿತ್ತಮ್ಮ ಅವರಿಗೆ?" ದನಿ ತಗ್ಗಿದೆ.

"ಏನೂ ಆಗಿರಲಿಲ್ಲ. ಬಸ್ಸಿನಲ್ಲಿ ಕೂತಲ್ಲೇ."

ಅವರು ಒಂದು ಬಕೆಟ್ ಬೋರಲು ಹಾಕಿ, "ಕೂತ್ಕೋ" ಎನ್ನುತ್ತಾರೆ. ಅಲ್ಲಿಂದ ಮುಂದೆ ನಾನು ಅವರಿಗೆ ಏಕವಚನ.

ಟೇಪಿನ ಕಥೆ ಆಗ ಹೊರಬರುತ್ತದೆ. ಅಂಗಡಿಯಲ್ಲಿ ಬಟ್ಟೆಯ ಟೇಪು ಎಳೆದೂ ಎಳೆದೂ ಹಿಗ್ಗಿದರೆ ಟೇಲರಕ್ಕ ಹೊಸದು ಕೊಳ್ಳುತ್ತಾರೆ. ಹಳೆಯದು ಕೊಟ್ಟಿಗೆಗೆ ಬರುತ್ತದೆ. "ಅಂಗಿ ಬಿಗಿಯಾಯ್ತು ಅಂತ ಕರು ಏನು ಜಗಳಕ್ಕೆ ಬರುತ್ತಾ?" ಹಾಗೆ ಈ ವರ್ಷದ ಅಳತೆಯೆಲ್ಲ ಹಿಗ್ಗಿದ ಟೇಪಿನಲ್ಲೇ ನಡೆದಿದೆ. ಹಿಗ್ಗಿದ ಟೇಪು ಎಲ್ಲವನ್ನೂ ಇದ್ದದ್ದಕ್ಕಿಂತ ಸಣ್ಣದಾಗಿ ತೋರಿಸುತ್ತದೆ. ನನ್ನ ಗಂಡ ಅಂಗಡಿಯ ಟೇಪಿನ ಪಕ್ಕ ಅದನ್ನಿಟ್ಟು ನೋಡಿ, ಸರಿಯಾಗಿ ಹೋಲಿಸಿ ತರುತ್ತೇನೆ, ಅಲ್ಲಿಯವರೆಗೆ ಅಳೆಯಬೇಡಿ ಎಂದು ಹೇಳಿ ಒಯ್ದಿದ್ದಾರೆ.

"ನಾನು ಅಳೆದೆ. ಅಳತೆ ದಿನ ಬಂತು, ಸಾರ್ ಬರಲಿಲ್ಲ. ಅಂಗಡಿಯ ಹೊಸ ಟೇಪಲ್ಲಿ ಅಳೆದು ಕಳಿಸಿಬಿಟ್ಟೆ. ನೋಡಿದ್ರೆ ಎಲ್ಲ ಕರುಗಳೂ ಒಂದೇ ತಿಂಗಳಲ್ಲಿ ಎರಡು ತಿಂಗಳಷ್ಟು ಉಬ್ಬಿಬಿಟ್ಟಿವೆ."

ಕಚೇರಿಯವರಿಗೆ ಅನುಮಾನ ಬಂದಿದೆ. ಒಂದೋ ಮಕ್ಕಳು ಕರುಗಳಿಗೆ ಏನೋ ಚುಚ್ಚಿಸಿದ್ದಾರೆ, ಇಲ್ಲವೇ ಟೇಲರಕ್ಕ ಅಂಕಿ ತಿದ್ದಿದ್ದಾರೆ. ಟೇಪು ಹಿಗ್ಗಿತ್ತು ಎಂದರೆ ಆ ಟೇಪು ತೋರಿಸಿ ಎನ್ನುತ್ತಾರೆ. ಶನಿವಾರ ಅಧಿಕಾರಿ ಬರುತ್ತಾರೆ. ಅಂದು ಟೇಪು ಇಲ್ಲದಿದ್ದರೆ ಬಳಗದ ವರ್ಷ ರದ್ದು, ಕರುಗಳೆಲ್ಲ ಲಾರಿಗೆ.

"ನನ್ನನ್ನು ಕಳ್ಳಿ ಅನ್ನಲಿ, ಮನೆಗೆ ಹೋಗಿ ನಿದ್ದೆನಾದ್ರೂ ಮಾಡ್ತೀನಿ. ಈ ಜಡೆಯವಳಿಗೆ ಏನಂತ ಹೇಳಲಿ? ರಾತ್ರಿ ಕರುವಿಗೆ ಚಳಿ ಅಂತ ಅವರಪ್ಪನ ಕಂಬಳಿ ಕದ್ದು ತಂದವಳು ಇವಳು."

ಮನೆಗೆ ಬಂದು ಮತ್ತೆ ಹುಡುಕುತ್ತೇನೆ. ಬಾಗಿಲ ಹಿಂದಿನ ಕೋಟಿನ ಜೇಬಿಗೆ ಕೈ ಹಾಕುವುದೊಂದನ್ನು ನಾನು ಬಾಕಿ ಉಳಿಸಿಕೊಂಡಿದ್ದೆ. ಹಾಕುತ್ತೇನೆ. ಒಂದು ಬಸ್ ಟಿಕೆಟ್ಟು, ಸುರುಳಿ ಸುತ್ತಿದ ಟೇಪು. ಟೇಪಿನ ತುದಿಯನ್ನು ಯಾವುದೋ ಕರು ಜಗಿದುಹಾಕಿದೆ. ಅಲ್ಲಿ ಕೆಂಪು ದಾರದ ಹೊಲಿಗೆ.

ಶನಿವಾರ ಅಧಿಕಾರಿ ನನ್ನ ಕೈಯಲ್ಲಿದ್ದ ಟೇಪನ್ನು ದೂರದಿಂದಲೇ ನೋಡುತ್ತಾರೆ. "ಇದೇ ಆ ಟೇಪು ಅನ್ನೋದಕ್ಕೆ ಏನು ಗ್ಯಾರಂಟಿ?"

"ವರ್ಷದ ಮೊದಲನೇ ಅಳತೆಗೆ ನೀವೇ ಬಂದು ಇದರ ತುದಿ ಹಿಡ್ಕೊಂಡು ಫೋಟೋ ತೆಗೆಸ್ಕೊಂಡ್ರಲ್ಲ ಸ್ವಾಮಿ" ಎನ್ನುತ್ತಾರೆ ಟೇಲರಕ್ಕ. "ನಿಮ್ಮ ಕಚೇರಿ ಗೋಡೆ ಮೇಲೇ ಇದೆ. ಕೆಂಪು ದಾರ ನಿಮ್ಮ ಬೆರಳ ಸಂದಿಯಲ್ಲೇ ಕಾಣ್ಸುತ್ತೆ."

ಅಧಿಕಾರಿ ತಮ್ಮ ಬೆರಳು ನೋಡಿಕೊಳ್ಳುತ್ತಾರೆ. "ಸರಿ, ಅಳೀರಿ."

ಹೊಸ ಟೇಪು ಟೇಲರಕ್ಕನ ಕೈಯಲ್ಲಿ, ಹಳೆಯದು ನನ್ನದರಲ್ಲಿ. ಮುಂಗಾಲುಗಳ ಹಿಂದೆ, ಬಿಗಿಯಾಗದಂತೆ, ಸಡಿಲವೂ ಆಗದಂತೆ ಸುತ್ತಬೇಕು. "ಉಸಿರು ಬಿಡೋವರೆಗೂ ಕಾಯಿ" ಎಂದು ನನಗೆ ಹೇಳಿಕೊಡುತ್ತಾರೆ. ನನ್ನ ಅಂಗೈ ಕೆಳಗೆ ಕರುವಿನ ಎದೆ ಉಬ್ಬಿ ಇಳಿಯುತ್ತದೆ, ಬೆಚ್ಚಗಿದೆ. ಜಡೆಯ ಹುಡುಗಿ ಎರಡೂ ಅಂಕಿಗಳನ್ನು ಕೂಗುತ್ತಾಳೆ. ಪ್ರತಿ ಕರುವಿನಲ್ಲೂ ಹೊಸದು ಹೆಚ್ಚು, ಹಳೆಯದು ಕಡಿಮೆ. ಹಳೆಯ ಟೇಪಿನ ಲೆಕ್ಕದಲ್ಲಿ ಬೆಳವಣಿಗೆ ಹಿಂದಿನ ತಿಂಗಳುಗಳ ಹಾಗೆಯೇ ಇದೆ. ಎಲ್ಲ ಮುಗಿದಾಗ ಅಧಿಕಾರಿ, "ಸಾಧಾರಣ ಬೆಳವಣಿಗೆ. ವರ್ಷ ಮುಂದುವರಿಸಿ" ಎಂದು ಜೀಪಿನತ್ತ ನಡೆಯುತ್ತಾರೆ.

"ಕೇಳಿದ್ಯಾ? ಸಾಧಾರಣ" ಎಂದು ಟೇಲರಕ್ಕ ಹುಡುಗಿಯ ಬೆನ್ನಿಗೆ ಗುದ್ದುತ್ತಾರೆ. "ಹೋಗು, ನೀರು ಕುಡಿಸು."

ನನ್ನ ಗಂಡನ ಕೆಲಸದಲ್ಲಿ ಉಳಿದುಹೋದ ಪ್ರಶ್ನೆಯನ್ನು ನಾನು ಕೇಳುತ್ತೇನೆ. ಇಷ್ಟು ಗೋಳಿದ್ದೂ ನೀವು ಯಾಕೆ ಬಿಟ್ಟು ಹೋಗಲಿಲ್ಲ?

"ನೀನೂ ಶುರು ಮಾಡಿದ್ಯಾ?" ಅವರು ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಾರೆ. "ಬಿಡೋಕೂ ಪುರುಸೊತ್ತು ಬೇಕಲ್ಲಮ್ಮ. ಈ ಕರುವಿಗೆ ಕೊಂಬು ಮೂಡುವಷ್ಟರಲ್ಲಿ ಇನ್ನೊಂದನ್ನ ತಂದು ಕಟ್ಟಿರ್ತಾರೆ."

ಇದನ್ನೆಲ್ಲ ಪತ್ರಿಕೆಗೆ ಬರೆಯುತ್ತೇನೆ, ನಿಮ್ಮ ಹೆಸರು ಹಾಕಲೇ ಎನ್ನುತ್ತೇನೆ.

"ನನ್ನ ಹೆಸರು ಕಟ್ಕೊಂಡು ಯಾರಿಗೇನು? ನಲ್ಲಿ ಸೋರ್ತಿದೆ ಅಂತ ಹಾಕು. ದೊಡ್ಡ ಅಕ್ಷರದಲ್ಲಿ ಹಾಕು." ಕೈ ಚಾಚುತ್ತಾರೆ. "ಈಗ ಆ ಟೇಪು ಕೊಡು."

ಅದು ನನ್ನ ಕೈಗೇ ಸುತ್ತಿಕೊಂಡಿದೆ. ಬಿಚ್ಚಿ ಕೊಡುತ್ತೇನೆ.