ಕಿಟಕಿ ಸಿಕ್ಕವನು

ನಾನು ಶಾಲೆ ಬಿಟ್ಟದ್ದು ಸಾವಿರದ ಒಂಬೈನೂರ ಎಂಬತ್ತೊಂಬತ್ತರಲ್ಲಿ, ಏಳನೇ ಕ್ಲಾಸಿಗೆ. ಗೆಳೆಯ ಸದಾಶಿವನ ಹೊಟ್ಟೆಯ ಮೇಲೆ ಹೊಡೆದದ್ದು ಅದಾಗಿ ಹತ್ತು ವರ್ಷಕ್ಕೆ, ಡೊಂಬಿವಲಿಯ ಹೋಟೆಲಿನಲ್ಲಿ, ಒಂದೇ ಒಂದು ಮಾತಿನಿಂದ. ಮೊದಲನೆಯದನ್ನು ಹೆಮ್ಮೆಯಿಂದಲೇ ಹೇಳಿಕೊಂಡು ಬಂದಿದ್ದೇನೆ — ಓದದೆ ಇಷ್ಟು ಮಾಡಿದವ ಎಂದು. ಎರಡನೆಯದನ್ನು ಯಾರಿಗೂ ಹೇಳಿಲ್ಲ.

ಹೇಳಬೇಕಾದರೆ ಒಂದು ಸಿನಿಮಾದಿಂದ ಶುರು ಮಾಡಬೇಕು.

ವಾಶಿ ಮಾರ್ಕೆಟಿನ ಹತ್ತಿರದ ನನ್ನ ಹೋಟೆಲಿಗೆ ಬರುವವರಿಗೆಲ್ಲ ಆ ಸಿನಿಮಾ ಗೊತ್ತು. ನೋಡಿ ಅಲ್ಲ, ನನ್ನ ಬಾಯಿಂದ ಕೇಳಿ. ಮುಂದೆಂದೋ ಬರುವ ಕಾಲದ ಒಂದು ಊರು. ಮನೆಗಳೆಲ್ಲ ನೆಲದ ಕೆಳಗೆ. ಪ್ರತಿಯೊಬ್ಬನೂ ಪಕ್ಕದವನ ಮೇಲೆ ಕಣ್ಣಿಟ್ಟಿರಬೇಕು. ತಪ್ಪು ಮಾಡಿದವನ ಹೆಸರು ಕೊಟ್ಟರೆ ಮೇಲಿನ ಅಂತಸ್ತಿನಲ್ಲಿ ಕಿಟಕಿ ಇರುವ ಕೋಣೆ. ಕಿಟಕಿ — ಅಷ್ಟೇ ಬಹುಮಾನ. ಗುಂಡಿನ ಸದ್ದಿಲ್ಲ, ಹಾರುವ ಗಾಡಿಯಿಲ್ಲ. ನನಗೆ ಇಂದಿಗೂ ಮೈ ಜುಮ್ಮೆನ್ನುವುದು ಊಟದ ದೃಶ್ಯಕ್ಕೆ: ಉದ್ದದ ಮೇಜು, ಬೂದಿ ಬಣ್ಣದ ಗಂಜಿ, ಎಲ್ಲರೂ ಬಟ್ಟಲಿಗೆ ಕೈ ಅಡ್ಡ ಹಿಡಿದು ಉಣ್ಣುತ್ತಾರೆ — ಕಸಿದುಕೊಳ್ಳುತ್ತಾರೆಂದಲ್ಲ, ತನಗೆ ಎಷ್ಟು ಹಸಿವೆಂದು ಪಕ್ಕದವನಿಗೆ ತಿಳಿಯಬಾರದೆಂದು. ಬಡಿಸುವವನ ಮುಖವನ್ನು ಒಬ್ಬನೂ ನೋಡುವುದಿಲ್ಲ. ಹತ್ತು ವರ್ಷ ಬಡಿಸಿದವ ನಾನು. ಆ ಸಿನಿಮಾ ತೆಗೆದವನೂ ಎಲ್ಲೋ ಬಡಿಸಿರಬೇಕು ಅಂದುಕೊಂಡಿದ್ದೆ.

ಕ್ಯಾಸೆಟ್ಟು ಸಿಕ್ಕಿದ್ದು ರದ್ದಿ ಅಂಗಡಿಯಲ್ಲಿ. ಡೊಂಬಿವಲಿಯ ಹೋಟೆಲಿನ ಮೇಲೆ ಕೆಲಸದವರ ಕೋಣೆ — ಅದಕ್ಕೂ ಕಿಟಕಿ ಇರಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಹಳೆಯ ಟಿವಿಯ ಮುಂದೆ ನಾನು, ಸದಾಶಿವ. ಮಾತು ಯಾವ ದೇಶದ್ದೋ. ಕೆಳಗೆ ಇಂಗ್ಲಿಷ್ ಅಕ್ಷರ. ನನಗೆ ಓದಲು ಬಾರದು. ಸದಾಶಿವ ಕೆಲಸ ಮುಗಿಸಿ ರಾತ್ರಿ ಶಾಲೆಯಲ್ಲಿ ಹತ್ತನೇ ತರಗತಿ ಓದುತ್ತಿದ್ದವ. ಒಂದೊಂದು ಸಾಲನ್ನೂ ಓದಿ ನನಗೆ ಕನ್ನಡದಲ್ಲಿ ಹೇಳುತ್ತಿದ್ದ. ಇದನ್ನೂ ನಾನು ಮುಚ್ಚಿಟ್ಟಿದ್ದೇನೆ — ನನಗೇ ಅರ್ಥವಾಯಿತೆಂದು ಗಿರಾಕಿಗಳು ತಿಳಿದಿದ್ದಾರೆ.

ಕೊನೆಯಲ್ಲಿ ಅಧಿಕಾರಿಯೊಬ್ಬ ನಾಯಕನನ್ನು ಮೇಜಿನ ಮುಂದೆ ಕೂರಿಸಿ, ಅವನ ಗೆಳೆಯನ ಬಗ್ಗೆ ಕೇಳುತ್ತಾನೆ. ನಾಯಕನ ಬೆನ್ನು ಮಾತ್ರ ಕಾಣುತ್ತದೆ. ಏನೋ ಸಣ್ಣದಾಗಿ ಅನ್ನುತ್ತಾನೆ. ಆಮೇಲೆ ಒಂದು ಕಿಟಕಿ, ಅವನ ಮುಖದ ಮೇಲೆ ಬಿಸಿಲು, ಕಣ್ಣಲ್ಲಿ ನೀರು. ಮುಗಿಯಿತು.

“ಗೊತ್ತಿಲ್ಲ ಅಂದ,” ಎಂದು ಸದಾಶಿವ ಹೇಳಿದ. “ಜೈಲಿಗೆ ಹಾಕಿದ್ರು. ಕಿಟಕಿ ಅವನ ಕನಸು.” ಕ್ಯಾಸೆಟ್ಟು ಹೊರತೆಗೆಯುತ್ತ, “ನಿನ್ನ ಹಾಗೇ ಹಠದವ ಮಾರಾಯ ಇವ.”

ಆ ವರ್ಷ ಎದುರಿನ ಹೋಟೆಲಿನವರು ನಮ್ಮ ಇಬ್ಬರು ಅಡುಗೆಯವರನ್ನು ಸೆಳೆದುಕೊಂಡರು. ಒಳಗಿನವರೇ ಯಾರೋ ಮಾತಾಡಿಸಿಕೊಟ್ಟಿದ್ದಾರೆ ಎಂದು ಧಣಿಗಳಿಗೆ ಗುಮಾನಿ. ಗಲ್ಲಾಪೆಟ್ಟಿಗೆಯ ಕುರ್ಚಿಗೆ ಅವರು ಒಬ್ಬನನ್ನು ಹುಡುಕುತ್ತಿದ್ದದ್ದೂ ಆಗಲೇ — ನಾನು, ಇಲ್ಲವೇ ಸದಾಶಿವ. ನಾನು ಬೆಳಕು ಹರಿಯುವ ಮೊದಲು ಎದ್ದು ದುಡಿಯುವವ. ಅವನು ಸಂಜೆ ಪುಸ್ತಕ ಹಿಡಿದು ಹೊರಡುವವ. ಆದರೂ ಅವನಿಗೇ ಸಿಗುತ್ತದೆ ಅಂತ ನನಗೆ — ಅನುಮಾನ ಒಮ್ಮೆ ಹೊಕ್ಕ ಮೇಲೆ ಅವನು ನಕ್ಕರೂ ಸಂಶಯ, ಸುಮ್ಮನಿದ್ದರೂ ಸಂಶಯ. ಎದುರಿನ ಹೋಟೆಲಿನವನೊಬ್ಬನ ಜೊತೆ ಅವನು ರಸ್ತೆಯಲ್ಲಿ ನಿಂತು ಮಾತಾಡುವುದನ್ನು ನೋಡಿದ್ದೆ. ಆ ಮನುಷ್ಯ ರಾತ್ರಿ ಶಾಲೆಯಲ್ಲಿ ಅವನ ಪಕ್ಕ ಕೂರುವವ. ಅದು ನನಗೆ ಗೊತ್ತಿತ್ತು. ಗೊತ್ತಿತ್ತು —

ಧಣಿಗಳು ಕರೆದು ಕೇಳಿದರು: “ಯಾರು ಮಾರಾಯ? ನಿಂಗೆ ಗೊತ್ತಿರ್ತದೆ.”

“ಸದಾಶಿವ,” ಅಂದೆ.

ಅಂದೇ ಅವನನ್ನು ಹೊರಗೆ ಕಳಿಸಿದರು. ಹೋಗುವಾಗ ಕ್ಯಾಸೆಟ್ಟನ್ನು ನನ್ನ ಚಾಪೆಯ ಮೇಲೆ ಇಟ್ಟುಹೋದ. ಪರೀಕ್ಷೆ ಹತ್ತಿರವಿತ್ತು. ಮಲಗಲು ಜಾಗವಿಲ್ಲದೆ ಅಲೆದು ಪರೀಕ್ಷೆಯೂ ತಪ್ಪಿತೆಂದು ಆಮೇಲೆ ಕೇಳಿದೆ. ಕುರ್ಚಿ ನನಗೆ ಸಿಕ್ಕಿತು. ಅದರಲ್ಲಿ ಕೂತೇ ನಾನು ಗಿರಾಕಿಗಳಿಗೆ ಆ ಸಿನಿಮಾ ಹೇಳಲು ಶುರು ಮಾಡಿದ್ದು — ‘ಗೊತ್ತಿಲ್ಲ ಅಂದ ನೋಡಿ, ಗಂಡಸು ಅಂದ್ರೆ ಅವ.’

ಕಳೆದ ಗಣಪತಿ ಹಬ್ಬಕ್ಕೆ ಮಗಳು ಮೊಬೈಲಿನಲ್ಲಿ ಅದನ್ನು ಹುಡುಕಿ, ನನಗಾಗಿ ಹಿಂದಿಯಲ್ಲಿ ಹಾಕಿದಳು. ಎಲ್ಲವೂ ಸದಾಶಿವ ಹೇಳಿದ ಹಾಗೇ — ಸಾಲಿಗೆ ಸಾಲು. ಕೊನೆಯ ಮೇಜು ಬಂತು. ನಾಯಕ ಗೆಳೆಯನ ಹೆಸರು ಹೇಳಿದ. ಆ ಕಿಟಕಿ ಕನಸಲ್ಲ. ಹೆಸರು ಕೊಟ್ಟದ್ದಕ್ಕೆ ಸಿಕ್ಕ ಕಿಟಕಿ.

“ಪಪ್ಪಾ, ಆಪ್ ತೋ ಬೋಲ್ತೇ ಥೇ ವೋ ನಾಮ್ ನಹೀ ಬತಾತಾ?” — ಅವನು ಹೆಸರು ಹೇಳುವುದಿಲ್ಲ ಅಂತಿದ್ದಿರಲ್ಲ ಎಂದು ಮಗಳು ನನ್ನ ಮುಖ ನೋಡಿದಳು. ಹಿಂದಿ ಮಾಡಿದವರು ಬದಲಿಸಿರಬೇಕು ಅಂದೆ. ಅದೂ ಸುಳ್ಳು.

ಅಂದಿನಿಂದ ಒಂದೇ ಗುಮಾನಿ. ಸದಾಶಿವ ಯಾಕೆ ಬದಲಿಸಿದ? ಅಷ್ಟು ಇಂಗ್ಲಿಷ್ ಅವನಿಗೂ ಬಂದಿರಲಿಕ್ಕಿಲ್ಲ, ಊಹಿಸಿ ಹೇಳಿರಬೇಕು — ಹೀಗೆಂದುಕೊಂಡರೆ ನನಗೆ ಹಗುರ. ಆದರೆ ಅಲ್ಲಿಯವರೆಗೆ ಒಂದು ಸಾಲೂ ತಪ್ಪದವನಿಗೆ ಒಂದು ಹೆಸರು ಓದಲು ಬರಲಿಲ್ಲವೇ? ಹಾಗಾದರೆ ನಾನು ಎಂಥವನೆಂದು ನನಗಿಂತ ಮೊದಲೇ ಅವನಿಗೆ ತಿಳಿದಿತ್ತೇ? ಅದಕ್ಕೇ ಆ ಮಾತು — ನಿನ್ನ ಹಾಗೇ... ಅಥವಾ ಬರೀ ನನ್ನ ಖುಷಿಗೆ? ತನಗೇನೂ ಲಾಭವಿಲ್ಲದೆ ಒಬ್ಬ ಇನ್ನೊಬ್ಬನಿಗೆ ಒಳ್ಳೆಯ ಕೊನೆ ಹೇಳಿಯಾನು ಎಂಬುದನ್ನೂ ನಾನು ಖೋಟಾ ನೋಟಿನ ಹಾಗೆ ಬೆಳಕಿಗೆ ಹಿಡಿದು ನೋಡುತ್ತೇನೆ. ಇದೇ ನನ್ನ ರೋಗ.

ಸದಾ, ನೀನು ಡೊಂಬಿವಲಿಯ ಹತ್ತಿರದ ದಿವಾದಲ್ಲಿದ್ದೀಯೆಂದು ಊರಿನವರೊಬ್ಬರು ಹೇಳಿ ವರ್ಷಗಳಾದವು. ಠಾಣೆ ಜಂಕ್ಷನ್ನಿನಲ್ಲಿ ಲೋಕಲ್ ರೈಲು ಬದಲಿಸಿದರೆ ಬರಬಹುದು. ಬದಲಿಸಲಿಲ್ಲ. ಈ ಮಂಗಳವಾರ ಬರುತ್ತೇನೆ. ಹೆಸರು ಹೇಳಿದ್ದು ನಾನು ಎಂದು ಬಾಗಿಲಲ್ಲೇ ಹೇಳುತ್ತೇನೆ. ನೀನು ಒಳಗೆ ಕರೆಯಬೇಕಾಗಿಲ್ಲ. ಸಿನಿಮಾದ ಬಗ್ಗೆ ಕೇಳುವುದಿಲ್ಲ. ಗಿರಾಕಿಗಳಿಗೆ ಈಗ ಸರಿಯಾದ ಕೊನೆಯನ್ನೇ ಹೇಳುತ್ತಿದ್ದೇನೆ; ಯಾರಿಗೂ ಅದು ಹಿಡಿಸುವುದಿಲ್ಲ.

ನನ್ನ ಹತ್ತಿರ ಈಗ ಇರುವುದು ಇಷ್ಟು: ವಾಶಿಯಲ್ಲಿ ಒಂದು ಹೋಟೆಲು. ಹನ್ನೊಂದು ಮಂದಿ ಕೆಲಸದವರು. ಅವರ ಮೇಲೆ ಆರು ಕ್ಯಾಮೆರಾ. ಒಂದು ಹಳೆಯ ಕ್ಯಾಸೆಟ್ಟು, ಹಾಕಿ ನೋಡಲು ಯಂತ್ರವಿಲ್ಲ. ಕೋಪರಖೈರಣೆಯಲ್ಲಿ ಒಂದು ಮನೆ. ಅದಕ್ಕೆ ನಾಲ್ಕು ಕಿಟಕಿ.