ಊಟ ಆದಮೇಲೆ ಹೇಳುವ ಮಾತು

ರೋಮ್ ನಗರ ನೋಡಲೇಬೇಕೆಂಬ ಆಸೆ ನನಗೇನೂ ಇರಲಿಲ್ಲ. ಮುಳಬಾಗಿಲಿನ ಬಂಡೆಗಳ ನಡುವೆ ಬೆಳೆದವನು ಮುರುಕು ಕಲ್ಲು ನೋಡಲು ಸಮುದ್ರ ದಾಟಬೇಕೆ? ಆದರೆ ಎರಡನೇ ಮಹಾಯುದ್ಧ ಮುಗಿಯುತ್ತ ಬಂದಿದ್ದ ಆ ದಿನಗಳಲ್ಲಿ ದಂಡಿನವರಿಗೆ ಸರದಿಯ ಮೇಲೆ ಅಲ್ಲಿ ರಜೆ ಕೊಡುತ್ತಿದ್ದರು. ನನ್ನ ಗೆಳೆಯನೂ ಅದೇ ವಾರ ಬರುವವನಿದ್ದ. ಅವನನ್ನು ನಾನು ಕಾಣಲೇಬೇಕಿತ್ತು.

ಅವನು ಗೌನಿಪಲ್ಲಿಯವನು, ದಂಡಿನಲ್ಲಿ ಲಾರಿ ಓಡಿಸುತ್ತಿದ್ದ. ನಾನು ದಂಡಿನ ಉಗ್ರಾಣದಲ್ಲಿ ಗುಮಾಸ್ತ. ಶ್ರೀನಿವಾಸಪುರದ ಶಾಲೆಯಲ್ಲಿ ಇಬ್ಬರದೂ ಒಂದೇ ಬೆಂಚು. ಭಾನುವಾರ ಬಂತೆಂದರೆ ನನ್ನ ಊಟ ಅವರ ಮಾವಿನ ತೋಪಿನ ಮನೆಯಲ್ಲೇ. ಸ್ವಲ್ಪ ದಿನಗಳ ಹಿಂದೆ ನನಗೆ ಊರಿಗೆ ಹೋಗಿಬರಲು ರಜೆ ಸಿಕ್ಕಿತ್ತು. ಅವರ ಮನೆಗೆ ಹೋದರೆ ಅವನ ತಾಯಿ ತೀರಿಕೊಂಡು ಕಾರ್ಯಗಳೆಲ್ಲ ಮುಗಿದಿದ್ದವು. ಅವನಿಗೆ ಯಾರೂ ತಿಳಿಸಿರಲಿಲ್ಲ. ಗುರುತಿಲ್ಲದವರ ನಡುವೆ ಕಾಗದ ಓದಿಕೊಂಡು ಅಣ್ಣ ಒಬ್ಬನೇ ಅಳುವುದು ಬೇಡ, ನೀವೇ ಎದುರಿಗೆ ಕೂತು ಹೇಳಿ ಎಂದು ಅವನ ತಮ್ಮ ನನ್ನ ಕೈ ಹಿಡಿದುಕೊಂಡ. ಒಪ್ಪಿಕೊಂಡುಬಿಟ್ಟೆ.

ನಮ್ಮ ಮನೆಗಳಲ್ಲಿ ಸಾವಿನ ಸುದ್ದಿಯನ್ನು ಹಸಿದವನಿಗೆ ಹೇಳುವುದಿಲ್ಲ. ಕೇಳಿದ ಮೇಲೆ ತಲೆಗೆ ನೀರು ಹಾಕಿಕೊಳ್ಳುವ ತನಕ ಅವನು ಏನನ್ನೂ ತಿನ್ನುವಂತಿಲ್ಲ. ಅದಕ್ಕೇ ಮೊದಲು ಹೊಟ್ಟೆ ತುಂಬಿಸಿ ಆಮೇಲೆ ಬಾಯಿ ಬಿಡುವುದು. ನಾನೂ ಹಾಗೇ ಲೆಕ್ಕ ಹಾಕಿಕೊಂಡಿದ್ದೆ.

ಕೊಲೋಸಿಯಮ್ ಎದುರಿಗೆ ಸಿಕ್ಕವನು ನನ್ನನ್ನು ತಬ್ಬಿಕೊಂಡ. ಅವನಿಗೋ ಎಲ್ಲವನ್ನೂ ನೋಡುವ ಹುಚ್ಚು. ಚರ್ಚು, ಸೇತುವೆ, ಮೂಗು ಹೋದ ವಿಗ್ರಹ, ಒಂದನ್ನೂ ಬಿಡದೆ ಎಳೆದುಕೊಂಡು ತಿರುಗಿದ. ಇಷ್ಟು ಕಲ್ಲು ಹೊತ್ತವರಿಗೆ ಕೂಲಿ ಏನು ಕೊಟ್ಟಿದ್ದಾರೋ ಎಂದು ನಗುತ್ತಿದ್ದ. ನನ್ನ ಕಾಲುಗಳು ಬಿದ್ದುಹೋಗುತ್ತಿದ್ದವು. ಹೇಳದೆ ಉಳಿದ ಸುದ್ದಿಯ ಮುಂದೆ ಸುತ್ತಲಿನ ಯಾವ ಚೆಂದವೂ ನನಗೆ ಬೇಕಿರಲಿಲ್ಲ. ಒಂದು ಮೆಟ್ಟಿಲ ಮೇಲೆ ಕೂತು ಬೀಡಿ ಹಚ್ಚಿದವನು ಕೊನೆಗೂ ಕೇಳಿದ.

"ನಮ್ಮನೇಗೆ ಹೋಗಿದ್ದೆಯಂತಲ್ಲ, ಅಮ್ಮ ಹೆಂಗವ್ಳೆ?"

"ಮೊದ್ಲು ಊಟ ಮಾಡೋಣ ಬಾ," ಅಂದೆ.

ಅವನು ಬೀಡಿಯನ್ನು ಮೆಟ್ಟಿಲಿಗೆ ಒತ್ತಿ ಆರಿಸಿ ಎದ್ದ. ಆಮೇಲೆ ಯಾವ ವಿಗ್ರಹದ ಕಡೆಗೂ ತಿರುಗಿ ನೋಡಲಿಲ್ಲ. ಸುಸ್ತಾಗಿರಬೇಕು ಅಂದುಕೊಂಡೆ.

ಹತ್ತಿರದ ಒಂದು ಚೌಕದ ಮೂಲೆಯ ಸಣ್ಣ ಹೋಟೆಲಿನಲ್ಲಿ ಉದ್ದುದ್ದ ಶಾವಿಗೆಯ ಮೇಲೆ ಟೊಮೆಟೊ ಗೊಜ್ಜು ಸುರಿದು ಕೊಟ್ಟರು. ಅವನು ತಲೆ ಎತ್ತದೆ ತಿಂದ. ತಟ್ಟೆ ಖಾಲಿಯಾದ ಮೇಲೆ ಮತ್ತೊಮ್ಮೆ ಹಾಕಿಸಿಕೊಂಡ, ಅದನ್ನೂ ನಿಧಾನವಾಗಿ ಮುಗಿಸಿದ. ಸದ್ಯ, ಇವನಿಗೇನೂ ಹೊಳೆದಿಲ್ಲ ಎಂದು ನನಗೆ ಸಮಾಧಾನವಾಯಿತು. ಕೈ ತೊಳೆದುಕೊಂಡು ಬಂದು ನನ್ನ ಎದುರಿಗೆ ನೆಟ್ಟಗೆ ಕೂತ.

"ಊಟ ಆಯ್ತು. ಈಗ ಹೇಳು. ಅಮ್ಮನಾ, ಅಪ್ಪನಾ?"

ಅಮ್ಮ ಅಂದೆ. ನರಳಿದಳಾ ಎಂದು ಕೇಳಿದ. ಇಲ್ಲ, ಮಲಗಿದ್ದಲ್ಲೇ ಹೋದಳಂತೆ ಅಂದೆ. ಬೆಂಕಿ ಇಟ್ಟವನು ತಮ್ಮನೇ ತಾನೆ ಎಂದು ಕೇಳಿದ. ಹೌದು ಅಂದೆ.

ಚೌಕದ ನಡುವೆ ಒಂದು ಕಾರಂಜಿ, ಅದರ ಸುತ್ತ ಅಗಲವಾದ ಕಲ್ಲಿನ ತೊಟ್ಟಿ ಇತ್ತು. ಅವನು ಬೂಟು ಬಿಚ್ಚಿಟ್ಟು, ತೊಟ್ಟ ಬಟ್ಟೆಯಲ್ಲೇ ಇಳಿದು ತಲೆ ಮುಳುಗಿಸಿದ. ನೀರು ಹಿಡಿಯಲು ಬಂದಿದ್ದ ಹೆಂಗಸರು ಕೊಡಗಳನ್ನು ಕೆಳಗಿಟ್ಟು ನಿಂತರು. ಕುಡಿದಿದ್ದಾನೆಂದು ಕೆಲವು ಗೋರಾ ಸಿಪಾಯಿಗಳು ಚಪ್ಪಾಳೆ ತಟ್ಟಿದರು. ನನಗೆ ಮೈಯೆಲ್ಲ ಉರಿಯಿತು. ಆದರೂ ದಡದಲ್ಲೇ ನಿಂತಿದ್ದೆ. ಮನೆಯವನಲ್ಲದ ನನಗೆ ಯಾವ ಮೈಲಿಗೆ?

ಅವನು ತಲೆ ಎತ್ತಿ ನನ್ನನ್ನು ನೋಡಿದ.

"ನಿಂಗೂ ಅನ್ನ ಇಕ್ಕಿದ್ಳು ಕಣೋ. ಇಳಿ."

ಊರಿನಲ್ಲಿ ಅವಳಿಲ್ಲದ ಅಡುಗೆಮನೆಯ ಬಾಗಿಲಲ್ಲಿ ನಿಂತಾಗಲೂ ನನಗೆ ಅಳು ಬಂದಿರಲಿಲ್ಲ. ಬೂಟು ಬಿಚ್ಚಿ ಅವನ ಬೂಟಿನ ಪಕ್ಕದಲ್ಲಿಟ್ಟು ನೀರಿಗೆ ಇಳಿದೆ. ಅಲ್ಲಿ ಅಳು ಬಂತು.